ಉಡಿ ತುಂಬಿ ಕಳಿಸಿದ ವರ್ಷ

ಹೊಸ ಫ್ಲೆಕ್ಸಿಗೆ ಒಂದು ವಾಸನೆ ಇದೆ. ಸುರುಳಿ ಸುತ್ತಿ ತಂದದ್ದನ್ನು ಮೇ ತಿಂಗಳ ಬಿಸಿಲಿಗೆ ಬಿಚ್ಚಿ ಕಟ್ಟಿದರೆ ಬಣ್ಣ, ಪ್ಲಾಸ್ಟಿಕ್ಕು ಎರಡೂ ಕಾದು ಗಂಟಲು ಹಿಡಿಯುವಂಥ ವಾಸನೆ ಏಳುತ್ತದೆ. ಕಳೆದ ವಾರ ಹುಬ್ಬಳ್ಳಿಯ ಕಾನೂನು ಕಾಲೇಜೊಂದಕ್ಕೆ ಭಾಷಣ ಮಾಡಲು ಹೊರಟವಳು ಬಸ್ಸು, ಆಟೋಗಳ ನಡುವೆ ಸಿಕ್ಕಿಬಿದ್ದು ನಿಂತದ್ದು ಸರಿಯಾಗಿ ಆ ಶಾಲೆಯ ಗೇಟಿನ ಮುಂದೆಯೇ. ಏಣಿ ಹತ್ತಿದ ಇಬ್ಬರು ಫ್ಲೆಕ್ಸು ಕಟ್ಟುತ್ತಿದ್ದರು. ಸಾಲುಸಾಲು ಮಕ್ಕಳ ಮುಖ, ಮೇಲೆ ಕೆಂಪಕ್ಷರದಲ್ಲಿ ‘ಎಸ್ಸೆಸ್ಸೆಲ್ಸಿ ಶೇಕಡಾ ನೂರು ಫಲಿತಾಂಶ’. ಕಾರಿನ ಕಿಟಕಿ ತೆರೆದಿತ್ತು, ವಾಸನೆ ಒಳಗೆ ಬಂತು. ಹಿಂದಿನಿಂದ ಯಾರೋ ಹಾರ್ನ್ ಹೊಡೆದು ಬೈದ ಮೇಲೆಯೇ ನನಗೆ ದಾರಿ ಬಿಟ್ಟದ್ದು ತಿಳಿದದ್ದು. ಆ ಶಾಲೆಗೆ ಮೊದಲ ಬಾರಿ ಶೇಕಡಾ ನೂರು ತಂದುಕೊಟ್ಟ ಹೆಡ್ ಮಾಸ್ತರು ನಮ್ಮ ಅಪ್ಪ.

ನಾನು ಧಾರವಾಡದಲ್ಲಿ ವಕೀಲಳು. ಶಾಲೆ ಕಾಲೇಜುಗಳ ಕೇಸು ಬಿಟ್ಟು ಬೇರೆ ಹಿಡಿಯುವುದಿಲ್ಲ. ಪ್ರವೇಶ ಕೊಡಲಿಲ್ಲ, ಟಿ.ಸಿ. ಕೊಡಲಿಲ್ಲ, ಹಾಲ್ ಟಿಕೆಟ್ ಕೊಡಲಿಲ್ಲ, ಇಂಥವೇ. ರವಿವಾರ ಬೆಳಿಗ್ಗೆ ಹುಬ್ಬಳ್ಳಿಯ ಉಣಕಲ್ಲಿನ ಒಂದು ಸಮುದಾಯ ಭವನದಲ್ಲಿ ಕೂತು ಬಂದವರಿಗೆಲ್ಲ ಪುಕ್ಕಟೆ ಸಲಹೆ ಕೊಡುತ್ತೇನೆ. ಇದೊಂದು ಕಾರಣಕ್ಕೆ ಜನ ನನ್ನನ್ನು ಕರೆದು ಶಾಲು ಹೊದಿಸುತ್ತಾರೆ, ‘ನಿಮ್ಮ ವೃತ್ತಿಯ ಹಾದಿ ಮತ್ತು ಸಮಾಜಸೇವೆ ಬಗ್ಗೆ ನಾಲ್ಕು ಮಾತಾಡ್ರಿ ಮೇಡಂ’ ಎನ್ನುತ್ತಾರೆ. ನಾನೂ ಮಾತಾಡುತ್ತೇನೆ. ಸಿದ್ಧವಾದ ಭಾಷಣ ಒಂದಿದೆ. ಅದರಲ್ಲಿ ರೇಣುಕಾ ಎಂಬ ನನ್ನ ಗೆಳತಿ ಬರುತ್ತಾಳೆ. ಗಣಿತದಲ್ಲಿ ಹಿಂದೆ ಬಿದ್ದ ಅವಳನ್ನು ‘ಒಬ್ಬ ಹೆಡ್ ಮಾಸ್ತರು’ ಹತ್ತನೇ ತರಗತಿಯ ನಡುವಿನಲ್ಲೇ ಶಾಲೆ ಬಿಡಿಸಿಬಿಡುತ್ತಾರೆ, ಫಲಿತಾಂಶ ಕೆಡಬಾರದೆಂದು. ಅವತ್ತೇ ನಾನು ವಕೀಲಳಾಗಬೇಕೆಂದು ನಿಶ್ಚಯಿಸಿದೆ ಎನ್ನುತ್ತೇನೆ. ಅಲ್ಲಿ ಚಪ್ಪಾಳೆ ಬೀಳುತ್ತದೆ, ಪ್ರತಿಸಲವೂ ಬೀಳುತ್ತದೆ. ಆ ‘ಒಬ್ಬ’ ಯಾರೆಂದು ನಾನು ಹೇಳಿದವಳಲ್ಲ. ಕಳೆದ ವಾರ ಅದೇ ಜಾಗಕ್ಕೆ ಬಂದಾಗ ಫ್ಲೆಕ್ಸಿನ ವಾಸನೆ ಇನ್ನೂ ಮೂಗಿನಲ್ಲಿತ್ತು, ನಾಲಿಗೆ ಹೊರಳಲಿಲ್ಲ. ನೀರು ಕುಡಿದೆ, ಕೆಮ್ಮಿದೆ, ಏನೋ ಒಂದು ಹೇಳಿ ಕೂತೆ. ಪಾಪ, ಆ ಹುಡುಗರು ಆದರೂ ಚಪ್ಪಾಳೆ ಹೊಡೆದರು.

ಆದದ್ದು ಹೀಗೆ. ಅಪ್ಪನನ್ನು ಇಡೀ ಹುಬ್ಬಳ್ಳಿ ‘ಹೊಸಮನಿ ಸರ್’ ಎಂದು ಕರೆಯುತ್ತಿತ್ತು. ಹಣೆಯಲ್ಲಿ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಯಾರಿಗೂ ಏಕವಚನವಿಲ್ಲ. ಬಡಿಗೆ ಹಿಡಿದು ಗದರುವ ಮಾಸ್ತರರ ಕಾಲದಲ್ಲಿ ಅಪ್ಪ ಒಂದು ಮಗುವಿಗೂ ಹೊಡೆಯಲಿಲ್ಲ. ಆದರೆ ಪಾಸಾಗಲಾರವು ಎನಿಸಿದ ಮಕ್ಕಳ ತಂದೆತಾಯಿಯನ್ನು ದೀಪಾವಳಿ ಮುಗಿದ ಮೇಲೆ ಮನೆಗೆ ಕರೆಸುತ್ತಿದ್ದರು. ಶಾಲೆಗಲ್ಲ, ನಾಕು ಮಂದಿಯ ಮುಂದೆ ಅವರಿಗೆ ಮುಖಭಂಗವಾಗಬಾರದಲ್ಲ! ಮನೆಗೆ. ಅವ್ವ ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದಳು. ಚಹಾ ಆಗುತ್ತಿತ್ತು. ‘ಹುಡುಗಿಗೆ ಈ ವರ್ಷ ಭಾರ ಆಗತೈತಿ, ಟಿ.ಸಿ. ಒಯ್ಯಿರಿ, ಮುಂದ ಹೊರಗಿನಿಂದ ಪರೀಕ್ಷಾ ಕಟ್ಟಿದರಾತು’ ಎಂದು ಅಪ್ಪ ಮೆತ್ತಗೆ ಹೇಳುತ್ತಿದ್ದರು. ಎದುರಿಗೆ ಕೂತವರಿಗೆ ಏನು ನಡೆಯುತ್ತಿದೆ ಎಂದು ತಿಳಿಯುವುದರೊಳಗೆ ಅವ್ವ ತಾಟಿನಲ್ಲಿ ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಕುಪ್ಪಸದ ಕಣದ ಬಟ್ಟೆ ಇಟ್ಟುಕೊಂಡು ಬಂದು ಆ ತಾಯಿಯ ಸೆರಗಿಗೆ ಹಾಕಿ ಉಡಿ ತುಂಬುತ್ತಿದ್ದಳು. ‘ಮನಸಿನ್ಯಾಗ ಏನೂ ಇಟ್ಕೋಬ್ಯಾಡ್ರಿ’ ಎನ್ನುತ್ತಿದ್ದಳು. ಮುಗಿಯಿತು. ನಮ್ಮ ಕಡೆ ಉಡಿ ತುಂಬಿಸಿಕೊಂಡ ಮನೆಯ ಮೇಲೆ ಯಾರು ತಕರಾರು ತೆಗೆಯುತ್ತಾರೆ? ಸೆರಗಿನಲ್ಲಿ ಅಕ್ಕಿ ಹಿಡಿದುಕೊಂಡು ಜಗಳಾಡಲಿಕ್ಕೆ ಬರುತ್ತದೆಯೇ?

ರೇಣುಕಾ ಅವಳ ಅವ್ವನ ಜೊತೆ ಬಂದ ದಿನ ಅವಲಕ್ಕಿಯ ತಾಟು ತಂದುಕೊಟ್ಟವಳು ನಾನು. ಸರ್ ಮನೆಗೆ ಬಂದ ಸಂಭ್ರಮ ಅವಳಿಗೆ. ಹಿತ್ತಲ ಕಟ್ಟೆಯ ಮೇಲೆ ನನ್ನ ಪಕ್ಕ ಕೂತು ಅವಲಕ್ಕಿಯಲ್ಲಿನ ಶೇಂಗಾ ಆರಿಸಿ ಆರಿಸಿ ತಿಂದಳು. ಒಳಗಿಂದ ಅವ್ವನ ದನಿ ಕೇಳಿ, ‘ಶಶಿ, ನಮ್ಮವ್ವಗ ಯಾಕ ಉಡಿ ತುಂಬಾಕತ್ತಾರ?’ ಎಂದಳು. ನನಗೆ ಗೊತ್ತಿತ್ತು. ಗೊತ್ತಿಲ್ಲ ಎಂದೆ.

ಅದು ಹಳೆಯ ಕಥೆ. ನಾನು ಬರೆಯಲು ಕೂತದ್ದು ಅದಾಗಿ ಎಷ್ಟೋ ವರ್ಷಗಳ ಮೇಲಿನ ಒಂದು ಚಳಿಗಾಲವನ್ನು, ಮಲ್ಲವ್ವ ಎಂಬಾಕೆ ಉಣಕಲ್ಲಿನ ನನ್ನ ರವಿವಾರದ ಮೇಜಿನ ಮುಂದೆ ಬಂದು ಕೂತ ಚಳಿಗಾಲವನ್ನು. ಅವ್ವ ತೀರಿಕೊಂಡು, ಅಪ್ಪ ನಿವೃತ್ತರಾಗಿ ಧಾರವಾಡದ ನನ್ನ ಮನೆಯಲ್ಲೇ ಇದ್ದರು. ನನ್ನ ಯಜಮಾನರದು ಬೆಳಗಾವಿಯಲ್ಲಿ ಬ್ಯಾಂಕಿನ ಕೆಲಸ, ವಾರಕ್ಕೊಮ್ಮೆ ಬರುವವರು. ಹೀಗಾಗಿ ಮನೆಯಲ್ಲಿ ಹೆಚ್ಚಾಗಿ ನಾನು, ಅಪ್ಪ ಇಬ್ಬರೇ. ಅಪ್ಪ ಪಡಸಾಲೆಯಲ್ಲಿ ಆರಾಮಕುರ್ಚಿ ಹಾಕಿಕೊಂಡು ಕೂತು ನನ್ನ ಹತ್ತಿರ ಬರುವ ಕಕ್ಷಿದಾರರನ್ನೆಲ್ಲ ಮಾತಾಡಿಸುವರು. ‘ನನ್ನ ಮಗಳು ಸಾಲಿ ಮಕ್ಕಳ ವಕೀಲ್ರಿ’ ಎಂದು ಹೇಳುವಾಗ ಅವರ ಕೊರಳು ಉಬ್ಬುತ್ತಿತ್ತು. ಎಲ್ಲಿಂದ ಈ ದಾರಿ ಹಿಡಿದೆ ಎಂದು ಅವರು ಒಮ್ಮೆಯೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆ ವರ್ಷ ಚಳಿ ಲಗೂ, ಹೊತ್ತಿಗೆ ಮೊದಲೇ ಬಿದ್ದಿತ್ತು. ಉಣಕಲ್ ಕೆರೆಯ ಕಡೆಯಿಂದ ಬರುವ ಗಾಳಿಗೆ ಭವನದ ಬಾಗಿಲು ಬಡಿದುಕೊಳ್ಳುತ್ತಿತ್ತು. ಮಲ್ಲವ್ವ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುವಾಕೆ. ಗಂಡ ಸಂತೆಪೇಟೆಯಲ್ಲಿ ಹಮಾಲಿ ಮಾಡುತ್ತಿದ್ದ. ಜೊತೆಗೆ ಹತ್ತನೇ ತರಗತಿಯ ಮಗಳು ಪವಿತ್ರಾ, ಅವ್ವನ ಕುರ್ಚಿಗೆ ಆತುಕೊಂಡು ನೆಲ ನೋಡುತ್ತ ನಿಂತಿದ್ದಳು. ಮಲ್ಲವ್ವ ಮಾತಾಡಲಿಲ್ಲ, ಚೀಲದೊಳಗಿಂದ ಒಂದು ತೆಂಗಿನಕಾಯಿ, ಮಡಿಚಿದ ಕುಪ್ಪಸದ ಕಣ ತೆಗೆದು ಮೇಜಿನ ಮೇಲಿಟ್ಟಳು. ನನಗಿನ್ನೂ ಏನೂ ಹೊಳೆದಿರಲಿಲ್ಲ. ‘ಇದೆಲ್ಲಾ ಬ್ಯಾಡವಾ, ನಾ ಏನೂ ತಗೋಳೂದಿಲ್ಲ’ ಎಂದೆ.

‘ನಿಮಗ ತಂದಿಲ್ರಿ ಮೇಡಮ್ಮಾರ,’ ಎಂದಳು. ‘ಸಾಲ್ಯಾಗ ಕೊಟ್ಟಾರ. ನಿನ್ನೆ ಕರಿಸಿದ್ರು. ಚಹಾ ಕುಡಿಸಿದ್ರು. ನಿಮ್ಮ ಹುಡುಗಿ ಮಾರ್ಚದಾಗ ಕುಂದ್ರೂದು ಬ್ಯಾಡ, ಟಿ.ಸಿ. ಒಯ್ಯಿರಿ ಅಂದ್ರು. ನಾ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅಷ್ಟರಾಗ ಟೀಚರ್ ಬಾಯಿ ಒಬ್ರು ಬಂದು ಉಡಿ ತುಂಬಿದ್ರು. ಸಹಿ ಮಾಡ್ರಿ ಅಂದ್ರು, ಮಾಡಿದೆ. ಮನಸಿನ್ಯಾಗ ಏನೂ ಇಟ್ಕೋಬ್ಯಾಡ್ರಿ ಅಂದ್ರು.’

ಅವ್ವನ ಮಾತು, ಅವ್ವನದೇ ಮಾತು! ಯಾವ ಶಾಲೆ ಎಂದು ಕೇಳುವ ಮೊದಲೇ ನನಗೆ ಗೊತ್ತಾಗಿತ್ತು. ಆದರೂ ಕೇಳಿದೆ. ಅದೇ. ಈಗಿನ ಹೆಡ್ ಮಾಸ್ತರು ಅಪ್ಪನ ಶಿಷ್ಯ. ಗುರುಗಳ ಪದ್ಧತಿಯನ್ನು ಅವರು ಮನೆಯಿಂದ ಆಫೀಸಿಗೆ ತಂದಿದ್ದರು ಅಷ್ಟೇ.

‘ಪವಿತ್ರಾಗ ಪರೀಕ್ಷಾ ಬರಿಯಾಕ ಬರತೈತೇನ್ರಿ?’ ಮಲ್ಲವ್ವ ಕೇಳಿದಳು. ‘ಈಕಿ ಈ ವರ್ಷ ಬರೀಲಿಲ್ಲ ಅಂದ್ರ ಮುಂದ ಎಂದೂ ಬರಿಯೂದಿಲ್ರಿ. ನಮ್ಮ ಮನಿ ನನಗ ಗೊತ್ತೈತಿ. ನನ್ನ ನಾದಿನಿ ಆಗಲೇ ಒಂದು ವರಾ ನೋಡಾಕತ್ತಾಳ.’ ಆಮೇಲೆ ದನಿ ತಗ್ಗಿಸಿ, ‘ಆದ್ರ ಉಡಿ ತುಂಬಿಸ್ಕೊಂಡು ಅವರ ಮ್ಯಾಲ ಕೋರ್ಟಿಗೆ ಹೋದ್ರ ಛಲೋ ಅಲ್ಲಲ್ರಿ? ಮಕ್ಕಳು ಮರಿ ಇರೂ ಮನಿ ನಮ್ದು’ ಎಂದಳು.

ಅವಳಿಗೆ ಕಾನೂನಿನ ಹೆದರಿಕೆ ಇರಲಿಲ್ಲ, ಆ ತೆಂಗಿನಕಾಯಿಯ ಹೆದರಿಕೆ ಇತ್ತು. ನಾನು ಅರ್ಧ ತಾಸು ಬಡಕೊಂಡೆ. ಇದು ಆಶೀರ್ವಾದದ ಉಡಿ ಅಲ್ಲ, ಬಾಯಿ ಮುಚ್ಚಿಸುವ ಉಡಿ ಎಂದೆ. ಶಾಲೆಗೆ ಹೀಗೆ ಮಾಡಲಿಕ್ಕೆ ಬರುವುದಿಲ್ಲ, ಪಾಸಾಗಲಿ ಬಿಡಲಿ ಪರೀಕ್ಷೆಗೆ ಕೂಡುವುದು ಅವಳ ಹಕ್ಕು ಎಂದೆ. ಹಕ್ಕು ಎನ್ನುವಾಗ ಮೇಜು ಕುಟ್ಟಿದೆ, ಅದು ನನ್ನ ಕೆಟ್ಟ ಚಾಳಿ. ಕೊನೆಗೆ ಮಲ್ಲವ್ವ, ‘ಆತ್ರಿ, ನೀವು ಅಂತೀರಿ ಅಂದ್ರ ಆತು. ಈ ಕಾಯಿ ಮಾತ್ರ ನಾ ಒಡಿಯೂದಿಲ್ಲ, ಅಡಗಿಗೆ ಹಾಕೂದಿಲ್ಲ. ಹಂಗ ಇಟ್ಟಿರತೇನಿ’ ಎಂದು ಮತ್ತೆ ಚೀಲದಲ್ಲಿಟ್ಟುಕೊಂಡಳು. ಆ ಪದ್ಧತಿ ಹಾಕಿದವರು ನಮ್ಮ ಅಪ್ಪ, ಮೊದಲ ಉಡಿ ತುಂಬಿದವಳು ನಮ್ಮ ಅವ್ವ ಎನ್ನುವ ಎರಡು ವಾಕ್ಯ ನನ್ನ ಬಾಯಲ್ಲೇ ಇದ್ದವು. ಹೇಳಿದರೆ ಬೇರೆ ವಕೀಲರ ಹತ್ತಿರ ಕಳಿಸಬೇಕು, ಹೊತ್ತು ಹೋಗುತ್ತದೆ, ಹುಡುಗಿಗೆ ನಷ್ಟ. ಹೀಗೆಲ್ಲ ನನಗೆ ನಾನೇ ವಾದ ಮಾಡಿಕೊಂಡೆ. ವಕೀಲರಿಗೆ ಅದೇನು ದೊಡ್ಡದಲ್ಲ. ಖರೇ ಹೇಳಬೇಕೆಂದರೆ ನಾಚಿಕೆಯಾಗಿತ್ತು, ಹೇಳಲಿಲ್ಲ.

ಆ ಚಳಿಗಾಲವೆಲ್ಲ ನಾನು ಮನೆಯಲ್ಲಿ ಕಳ್ಳಿಯಂತೆ ಇದ್ದೆ. ಮಲ್ಲವ್ವ ಸಹಿಗೆಂದು ಮನೆಗೆ ಬರುತ್ತೇನೆ ಎಂದರೆ, ಬೇಡ, ನಾನೇ ಉಣಕಲ್ಲಿಗೆ ಬರುತ್ತೇನೆ ಎನ್ನುತ್ತಿದ್ದೆ. ಬೇರೆ ಕಕ್ಷಿದಾರರು ಬಂದಾಗಲೂ ಅಪ್ಪ ಪಡಸಾಲೆಯಲ್ಲಿ ಕೂತಿದ್ದರೆ ಮೈಯೆಲ್ಲ ಉರಿಯುತ್ತಿತ್ತು. ಒಂದು ಸಂಜೆ ತಡೆಯದೆ, ‘ಅಪ್ಪಾ, ಮಂದಿ ಬಂದಾಗ ಸ್ವಲ್ಪ ಒಳಗ ಕೂಡ್ರಿ, ಅವರಿಗೆ ಮಾತಾಡಾಕ ಮುಜುಗರ ಆಗತೈತಿ’ ಎಂದುಬಿಟ್ಟೆ. ಅಪ್ಪ ಪೇಪರು ಮಡಿಚಿದರು. ‘ಹೌದಲ್ಲವಾ, ನನಗ ಹೊಳೀಲೇ ಇಲ್ಲ ನೋಡು’ ಎಂದು ಎದ್ದು ಒಳಗಿನ ಕೋಣೆಗೆ ಹೋದರು. ಮರುದಿನದಿಂದ ಆರಾಮಕುರ್ಚಿಯೂ ಒಳಗೆ ಹೋಯಿತು. ಅಲ್ಲಿ ಕಿಟಕಿ ಇರಲಿಲ್ಲ. ಲೈಟು ಹಾಕಿಕೊಂಡು ಪೇಪರು ಓದುತ್ತಿದ್ದರು. ಒಂದು ಸಲವೂ ಬೇಸರ ತೋರಿಸಲಿಲ್ಲ. ನನಗೆ ಅಪ್ಪನ ಬಗ್ಗೆ ಇದ್ದ ನಾಚಿಕೆ ಒಂದು ಕಡೆ, ಆ ಕುರ್ಚಿ ಒಳಗೆ ಸರಿಸಿದ ನಾಚಿಕೆ ಒಂದು ಕಡೆ. ಯಾವುದು ದೊಡ್ಡದು ಎಂದು ಕೇಳಬೇಡಿ.

ಸಂಕ್ರಾಂತಿ ದಾಟಿದ ಮೇಲೆ ಹೈಕೋರ್ಟಿನ ಧಾರವಾಡ ಪೀಠದಲ್ಲಿ ನಮ್ಮ ಅರ್ಜಿ ವಿಚಾರಣೆಗೆ ಬಂತು. ಮಲ್ಲವ್ವ ಬೆಳಿಗ್ಗೆಯೇ ರೊಟ್ಟಿ ಬಡಿದು ಮುಗಿಸಿ, ಇಳಕಲ್ ಸೀರೆ ಉಟ್ಟು, ಮಗಳನ್ನು ಕರೆದುಕೊಂಡು ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ನಾನು ಛಲೋ ವಾದಿಸಿದೆ, ಸುಳ್ಳೇಕೆ ಹೇಳಲಿ. ಉಡಿ ತುಂಬಿ ಸಹಿ ಹಾಕಿಸಿಕೊಳ್ಳುವುದು ಒಪ್ಪಿಗೆಯಲ್ಲ ಎಂದೆ. ಶಾಲೆಯ ಪರ ವಕೀಲರು ವಯಸ್ಸಾದವರು, ನನ್ನನ್ನು ಚಿಕ್ಕಂದಿನಿಂದ ಬಲ್ಲವರು. ಅವರು ಎದ್ದು ನಿಂತು, ಬಹಳ ನಯವಾಗಿ, ಇದು ಯಾರನ್ನೂ ಅವಮಾನಿಸುವ ಕ್ರಮವಲ್ಲ, ಪೋಷಕರನ್ನು ಗೌರವಿಸುವ ಹಳೆಯ ಪದ್ಧತಿ ಎಂದರು. ಇದನ್ನು ಶುರು ಮಾಡಿದವರು ನಾಡೇ ಗೌರವಿಸುವ ಹೊಸಮನಿ ಸರ್ ಎಂದರು. ಆಮೇಲೆ ನನ್ನ ಕಡೆ ಕೈ ತೋರಿಸಿ, ಅರ್ಜಿದಾರರ ವಕೀಲರಿಗೆ ಅದು ನಮಗಿಂತ ಚೆನ್ನಾಗಿ ಗೊತ್ತು, ಅವರು ಸರ್ ಅವರ ಮಗಳು ಎಂದರು.

ಕೋರ್ಟ್ ಹಾಲಿನಲ್ಲಿ ಯಾರೋ ನಕ್ಕರು. ನ್ಯಾಯಮೂರ್ತಿಗಳು ನಗಲಿಲ್ಲ, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಕರಿಯ ಕೋಟಿನೊಳಗೆ ಬೆವರು ಇಳಿಯಿತು. ಹಿಂದಿನ ಬೆಂಚಿನತ್ತ ತಿರುಗುವ ಧೈರ್ಯವಾಗಲಿಲ್ಲ. ವಾದವೆಲ್ಲ ಇಂಗ್ಲಿಷಿನಲ್ಲಿ ನಡೆದಿತ್ತು, ಆದರೆ ಹೆಸರಿಗೂ ತೋರಿಸಿದ ಕೈಗೂ ಯಾವ ಭಾಷೆ ಬೇಕು? ‘ಹೌದು, ಅವರು ನನ್ನ ತಂದೆ. ಅದು ತಪ್ಪಾಗಿತ್ತು’ ಎಂದೆ. ಇಷ್ಟು ಹೇಳಲಿಕ್ಕೆ ನನಗೆ ಅಷ್ಟು ವರ್ಷ ಹಿಡಿದಿತ್ತು, ಅದೂ ಬೇರೆಯವರು ತಿವಿದು ಹೇಳಿಸಿದ ಮೇಲೆ. ಆದೇಶವನ್ನು ಮುಂದಿನ ವಾರಕ್ಕೆ ಇಟ್ಟರು.

ಹೊರಗೆ ಮೆಟ್ಟಿಲ ಮೇಲೆ ಮಲ್ಲವ್ವ ಕಾದು ನಿಂತಿದ್ದಳು. ‘ಹೊಸಮನಿ ಸರ್ ನಿಮಗೇನಾಗಬೇಕ್ರಿ?’

‘ನಮ್ಮಪ್ಪ.’

ಪವಿತ್ರಾ ಒಮ್ಮೆ ಅವ್ವನ ಮುಖ, ಒಮ್ಮೆ ನನ್ನ ಮುಖ ನೋಡಿದಳು.

‘ಮದಲ ಹೇಳಬೇಕಿತ್ತಲ್ರಿ’ ಎಂದಳು ಮಲ್ಲವ್ವ. ಸಿಟ್ಟಿನಿಂದಲ್ಲ. ಸಿಟ್ಟಿಗೆದ್ದಿದ್ದರೇ ಛಲೋ ಇತ್ತು. ‘ನಾ ನಿಮ್ಮ ಮುಂದ ಆ ಕಾಯಿ ಇಟ್ಟು ಎಲ್ಲಾ ಹೇಳಿದೆ. ನೀವು ಕುಂತು ಕೇಳಿದ್ರಿ.’

‘ತಪ್ಪಾತು ಮಲ್ಲವ್ವ. ಬ್ಯಾರೆ ವಕೀಲರು ಬೇಕಂದ್ರ ನಾನೇ ಹಚ್ಚಿ ಕೊಡತೇನಿ.’

‘ಈಗ ಯಾಂವ ವಕೀಲ್ರಿ! ಹುಡುಗಿ ಪರೀಕ್ಷಾ ಬರಿತಾಳೋ ಇಲ್ಲೋ, ಅಷ್ಟ ಹೇಳ್ರಿ ನನಗ.’

ನಾನು ಬರೆಯುತ್ತಾಳೆ ಎಂದೆ. ಅವರಿಬ್ಬರೂ ಬಸ್ಸಿಗೆ ನಡೆದರು. ಬಾ, ಕಾರಿನಲ್ಲಿ ಬಿಡುತ್ತೇನೆ ಎನ್ನಬೇಕೆಂದುಕೊಂಡೆ, ಎನ್ನಲಿಲ್ಲ.

ಮನೆಗೆ ಬಂದು ಒಳಗಿನ ಕೋಣೆಗೆ ಹೋಗಿ ಕೋಟು ಕೂಡ ಬಿಚ್ಚದೆ ಅಪ್ಪನ ಮುಂದೆ ನಿಂತೆ. ಎಲ್ಲ ಹೇಳಿದೆ. ಕೇಸು, ಕಾಯಿ, ಕೋರ್ಟಿನಲ್ಲಿ ಅವರ ಹೆಸರು ಬಂದದ್ದು, ನಾನು ಅದು ತಪ್ಪೆಂದು ಹೇಳಿದ್ದು. ಅಪ್ಪ ಪೂರ್ತಿ ಕೇಳಿಸಿಕೊಂಡರು. ಕೈಯಲ್ಲಿದ್ದ ಪೇಪರು ಮಡಿಚಿ ಬದಿಗಿಟ್ಟರು.

‘ನಾ ಯಾರಿಗೂ ಒಂದು ಬಿರಸು ಮಾತು ಆಡಿಲ್ಲವಾ. ಹೊಡದಿಲ್ಲ, ಬಡದಿಲ್ಲ. ಬ್ಯಾರೆ ಸಾಲ್ಯಾಗ ಕತ್ತ ಹಿಡದು ನೂಕತಿದ್ರು. ನಾ ಮನಿಗೆ ಕರದು, ಊಟ ಉಪಚಾರ ಮಾಡಿ, ಉಡಿ ತುಂಬಿ ಕಳಿಸೇನಿ. ಮಂದಿ ನನ್ನ ಕಾಲು ಮುಟ್ಟಿ ಹೋಗ್ಯಾರ.’

‘ಅದನ್ನ ಹೇಳಾಕತ್ತೇನಿ ಅಪ್ಪಾ. ಕತ್ತ ಹಿಡದು ನೂಕಿದ್ರ ಅವರು ಜಗಳಾನಾದ್ರೂ ಆಡತಿದ್ರು. ನೀವು ಜಗಳಕ್ಕೂ ಜಾಗ ಬಿಡಲಿಲ್ಲ.’

‘ಅಷ್ಟು ಮಕ್ಕಳಿಗೆ ಒಳ್ಳೇದಾತಲ್ಲ? ಸಾಲಿ ಹೆಸರಾತು, ಹಳ್ಳಿಯಿಂದೆಲ್ಲಾ ಮಕ್ಕಳು ಬಂದ್ರು.’

‘ಹೋದ ಮಕ್ಕಳು ಏನಾದವು? ಒಮ್ಮೆರೆ ಕೇಳೀರೇನು?’

ನಾನು ಅಷ್ಟಕ್ಕೆ ಬಿಡಬೇಕಿತ್ತು, ಬಿಡಲಿಲ್ಲ. ರೇಣುಕಾಳ ಹೆಸರು ತೆಗೆದೆ. ನಾನು ವಕೀಲಳಾದದ್ದೇ ಅವಳ ಸಲುವಾಗಿ, ಊರೂರು ತಿರುಗಿ ಅವಳ ಕಥೆ ಹೇಳುತ್ತೇನೆ ಎಂದೆ. ‘ನಿಮ್ಮ ಹೆಸರೊಂದು ಬಿಟ್ಟು ಎಲ್ಲಾ ಹೇಳತೇನಿ’ ಎಂದೆ. ಅವತ್ತು ರಾತ್ರಿ ಅಪ್ಪ ಊಟಕ್ಕೆ ಏಳಲಿಲ್ಲ. ಅನ್ನಕ್ಕೆ ಹಾಲು ಕಲಸಿ ಒಯ್ದೆ, ಎರಡು ತುತ್ತು ಉಂಡು ಸಾಕು ಎಂದರು.

ಮುಂದಿನ ವಾರ ಆದೇಶ ಬಂತು. ಪವಿತ್ರಾ ಶಾಲೆಯ ವಿದ್ಯಾರ್ಥಿನಿಯಾಗಿಯೇ ಪರೀಕ್ಷೆ ಬರೆಯಬೇಕು, ಶಾಲೆ ಅವಳನ್ನು ಅಂದಿನಿಂದಲೇ ತರಗತಿಗೆ ಸೇರಿಸಿಕೊಳ್ಳಬೇಕು. ಪೇಪರಿನಲ್ಲಿ ನನ್ನ ಫೋಟೋ ಬಂತು. ಅಪ್ಪ ಅದನ್ನು ಓದಿ ಮೇಜಿನ ಮೇಲಿಟ್ಟರು. ಯಾರಾದರೂ ಫೋನು ಮಾಡಿ ಅಭಿನಂದನೆ ಎಂದರೆ ನನಗೆ ಕೆನ್ನೆಗೆ ಹೊಡೆದಂತಾಗುತ್ತಿತ್ತು. ಮಾರ್ಚಿನಲ್ಲಿ ಬಿಸಿಲು ಏರಿತು. ಪರೀಕ್ಷೆಗಳು ಶುರುವಾದವು. ಮಲ್ಲವ್ವ ಫೋನು ಮಾಡಲಿಲ್ಲ. ಗಣಿತದ ಪರೀಕ್ಷೆಯ ದಿನ ನಾನೇ ಪರೀಕ್ಷಾ ಕೇಂದ್ರದ ಎದುರಿನ ಚಹಾದಂಗಡಿಯಲ್ಲಿ ಹೋಗಿ ನಿಂತೆ. ಬೆಲ್ಲು ಹೊಡೆದ ಮೇಲೆ ಪವಿತ್ರಾ ಹೊರಬಂದಳು, ಗೆಳತಿಯರ ಜೊತೆ ಏನೋ ಹೇಳಿ ನಗುತ್ತಿದ್ದಳು. ನನ್ನನ್ನು ಕಂಡು ನಗು ನಿಲ್ಲಿಸಿದಳು, ಆದರೆ ದೂರದಿಂದಲೇ ತಲೆ ಅಲ್ಲಾಡಿಸಿ, ಆಯಿತು, ಬರೆದೆ ಎಂಬಂತೆ ಕೈ ಮಾಡಿದಳು. ಕಡೆಗೂ ಪಾಸಾದಳು, ಅಂಚಿನ ಮೇಲೆ. ಈಗ ಹುಬ್ಬಳ್ಳಿಯಲ್ಲೇ ನರ್ಸಿಂಗ್ ಓದುತ್ತಿದ್ದಾಳೆ ಎಂದು ಕೇಳಿದ್ದೇನೆ.

ಪರೀಕ್ಷೆ ಮುಗಿದ ಮರುದಿನ ಮಲ್ಲವ್ವ ಹೇಳದೆ ಕೇಳದೆ ಮನೆಗೆ ಬಂದಳು. ನಾನು ಒಳಗೆ ಅಡುಗೆಮನೆಯಲ್ಲಿದ್ದೆ. ಅಂದು ಅಪ್ಪ ಸೆಕೆಗೆ ತಾಳಲಾರದೆ ಕುರ್ಚಿಯನ್ನು ಮತ್ತೆ ಪಡಸಾಲೆಗೆ ಎಳೆದುಕೊಂಡು ಕೂತಿದ್ದರು. ನಾನು ಹೊರಗೆ ಬರುವಷ್ಟರಲ್ಲಿ ಅವಳು ಅಪ್ಪನ ಮುಂದೆ ನಿಂತು, ‘ಶರಣ್ರಿ ಸರ್’ ಎಂದು ಬಗ್ಗಿ ನಮಸ್ಕಾರ ಮಾಡಿ, ಚೀಲದಿಂದ ಆ ತೆಂಗಿನಕಾಯಿ, ಆ ಕಣ ತೆಗೆಯುತ್ತಿದ್ದಳು. ಕಾಯಿಗೆ ಅರಿಷಿಣ ಕುಂಕುಮ ಇನ್ನೂ ಹಾಗೇ ಇತ್ತು.

‘ಇದು ನಿಮ್ಮ ಮನಿ ಪದ್ಧತಿ ಅಂತ ಕೋರ್ಟಿನ್ಯಾಗ ತಿಳೀತ್ರಿ. ಉಡಿ ತಿರುಗಿ ಕೊಡಬಾರದು, ಗೊತ್ತೈತಿ. ಆದ್ರ ಇದನ್ನ ನಾ ಇಟ್ಕೊಳ್ಳಾಕೂ ಒಲ್ಲೆ. ನನ್ನ ಮಗಳು ಪರೀಕ್ಷಾ ಬರದ್ಲು. ಇನ್ನ ಇದು ನಂದಲ್ರಿ.’

ಅಪ್ಪ ಎರಡೂ ಕೈ ಚಾಚಿದರು. ಬೇಡ ಎನ್ನಲಿಕ್ಕೋ, ತೆಗೆದುಕೊಳ್ಳಲಿಕ್ಕೋ ಅವರಿಗೇ ಗೊತ್ತಿತ್ತೋ ಇಲ್ಲವೋ. ಮಲ್ಲವ್ವ ಅವನ್ನು ಅವರ ಕೈಯಲ್ಲಿಟ್ಟಳು. ಚಹಾ ಕುಡಿದು ಹೋಗು ಎಂದೆ. ‘ರೊಟ್ಟಿ ಬಡಿಯೂದೈತ್ರಿ ಯಕ್ಕಾ’ ಎಂದಳು. ಮೊದಲ ಸಲ ಅಕ್ಕ ಎಂದಳು, ಅದಕ್ಕೆ ನಾನು ಯೋಗ್ಯಳಿರಲಿಲ್ಲ. ಗೇಟಿನ ತನಕ ಹೋಗಿ ಬಿಟ್ಟು ಬಂದೆ.

ಅಪ್ಪ ಧೋತರದ ಮಡಿಲಲ್ಲಿ ಆ ಕಾಯಿ ಇಟ್ಟುಕೊಂಡು ಸಂಜೆಯವರೆಗೆ ಕೂತಿದ್ದರು. ದೀಪ ಹಚ್ಚುವ ಹೊತ್ತಿಗೆ, ‘ಶಶೀ, ಆ ನಿನ್ನ ಗೆಳತಿ ರೇಣುಕಾ, ಆಕಿ ಮನಿ ಎಲ್ಲೈತಿ ಈಗ?’ ಎಂದು ಕೇಳಿದರು.

ನನಗೆ ಗೊತ್ತಿರಲಿಲ್ಲ. ಎಷ್ಟು ವೇದಿಕೆಯ ಮೇಲೆ ಅವಳ ಹೆಸರು ಹೇಳಿ ಚಪ್ಪಾಳೆ ಗಿಟ್ಟಿಸಿದ್ದೆನೋ, ಅವಳು ಬದುಕಿದ್ದಾಳೋ ಇಲ್ಲವೋ ಅದೂ ಗೊತ್ತಿರಲಿಲ್ಲ. ‘ವಿಚಾರಿಸತೇನಿ’ ಎಂದೆ.

ಹುಡುಕಲು ಎಷ್ಟು ಹೊತ್ತು ಹಿಡಿಯಿತು ಗೊತ್ತೇ? ಎರಡು ಫೋನು. ಮದುವೆಯಾಗಿ ಮುಗದ ಹಳ್ಳಿಯಲ್ಲಿದ್ದಳು, ಧಾರವಾಡದಿಂದ ಕಾರಿನಲ್ಲಿ ಹೋದರೆ ಚಹಾ ಕುಡಿಯುವಷ್ಟು ದಾರಿ. ಶಾಲೆ ಬಿಟ್ಟ ಮುಂದಿನ ಬೇಸಿಗೆಯಲ್ಲೇ ಕೊಟ್ಟುಬಿಟ್ಟಿದ್ದರಂತೆ.

ರವಿವಾರ ಉಣಕಲ್ಲಿಗೆ ಹೋಗಲಿಲ್ಲ. ಅಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಬೆಳಿಗ್ಗೆಯೇ ಸಿದ್ಧರಾಗಿದ್ದರು. ದಾರಿಯುದ್ದಕ್ಕೂ ಬಾಯೊಳಗೇ ಏನೋ ಹೇಳಿಕೊಳ್ಳುತ್ತಿದ್ದರು. ಹೇಳಬೇಕಾದದ್ದನ್ನು ಪಾಠದಂತೆ ತಯಾರು ಮಾಡಿಕೊಳ್ಳುತ್ತಿದ್ದಾರೆ ಎಂದು ನನಗೆ ತಿಳಿಯಿತು. ರೇಣುಕಾ ಅಂಗಳದಲ್ಲಿ ಹುಣಸೆಹಣ್ಣು ಹರಡಿಕೊಂಡು ಬೀಜ ತೆಗೆಯುತ್ತಿದ್ದಳು. ದಪ್ಪಗಾಗಿದ್ದಳು, ಮುಂಗೂದಲು ಬೆಳ್ಳಗಾಗಿತ್ತು. ನನ್ನನ್ನು ಗುರುತು ಹಿಡಿಯಲು ತುಸು ಹೊತ್ತು ಬೇಕಾಯಿತು. ಅಪ್ಪನನ್ನು ಮಾತ್ರ ಕಂಡಕೂಡಲೇ ಗುರುತಿಸಿದಳು. ಕೈ ಒರೆಸಿಕೊಂಡು ಸೆರಗು ತಲೆಯ ಮೇಲೆಳೆದು ಓಡಿಬಂದು ಕಾಲು ಮುಟ್ಟಿದಳು.

‘ಅಯ್ಯ ಶಿವನ! ಸರ್! ನಮ್ಮ ಮನಿಗೆ! ಬರ್ರಿ, ಬರ್ರಿ ಒಳಗ. ಅವ್ವಾರು ತೀರಕೊಂಡ್ರಂತಲ್ರಿ, ಕೇಳಿ ಭಾಳ ಕೆಟ್ಟನಿಸ್ತು.’

ಕಂಬಳಿ ಹಾಸಿದಳು. ಚಹಾ ಕೊಟ್ಟಳು. ಗಂಡ ಹೊಲಕ್ಕೆ ಹೋಗಿದ್ದಾನೆ, ಮಗಳು ಧಾರವಾಡದಲ್ಲಿ ಹಾಸ್ಟೆಲಿನಲ್ಲಿದ್ದು ಕಾಲೇಜು ಕಲಿಯುತ್ತಿದ್ದಾಳೆ ಎಂದಳು. ‘ಆಕಿ ಗಣಿತದಾಗ ಭಾಳ ಶಾಣ್ಯಾ ಅದಾಳ್ರಿ ಸರ್, ನನ್ಹಂಗಲ್ಲ’ ಎಂದು ನಕ್ಕಳು. ಅಪ್ಪ ನಗಲಿಲ್ಲ. ‘ಅವಲಕ್ಕಿ ಒಗ್ಗರಣಿ ಹಾಕಲೇನ್ರಿ?’ ಎಂದಾಗ, ‘ಬ್ಯಾಡವಾ, ಬ್ಯಾಡ’ ಎಂದು ಗಾಬರಿಯಾದವರಂತೆ ಕೈ ಅಲ್ಲಾಡಿಸಿದರು. ಆಮೇಲೆ ಬಟ್ಟಲು ಕೆಳಗಿಟ್ಟು, ನೆಟ್ಟಗೆ ಕೂತು ಶುರು ಮಾಡಿದರು. ‘ರೇಣುಕಾ, ಅವತ್ತ ನಿಮ್ಮವ್ವ ನಮ್ಮ ಮನಿಗೆ ಬಂದಾಗ...’

ರೇಣುಕಾ ತಟ್ಟನೆ ಎದ್ದಳು. ‘ತಡೀರಿ ಸರ್, ಒಂದು ನಿಮಿಷ. ಶಶಿ ಮದಲನೇ ಸಲ ನಮ್ಮ ಮನಿಗೆ ಬಂದಾಳ’ ಎನ್ನುತ್ತ ಒಳಗೆ ಹೋದಳು. ತಾಟು ಹಿಡಿದು ಬಂದಳು. ಅಕ್ಕಿ, ಕಾಯಿ, ಎಲೆ ಅಡಿಕೆ, ಹಸಿರು ಕಣ. ನಾನು ಚೂಡಿದಾರದಲ್ಲಿದ್ದೆ. ‘ಓಢಣಿನ ಹಿಡಿ, ನಡೀತೈತಿ’ ಎಂದಳು. ಹಿಡಿದೆ. ಅಕ್ಕಿ ಒಂದಿಷ್ಟು ನೆಲಕ್ಕೆ ಚೆಲ್ಲಿತು. ಹಣೆಗೆ ಕುಂಕುಮ ಹಚ್ಚಿದಳು. ಹಚ್ಚುವಾಗ ನನ್ನ ಕಣ್ಣಲ್ಲಿ ಕಣ್ಣಿಟ್ಟು, ಮೆತ್ತಗೆ, ‘ಮನಸಿನ್ಯಾಗ ಏನೂ ಇಟ್ಕೋಬ್ಯಾಡ್ರಿ’ ಎಂದಳು. ನನಗೆ ಅವಳು ಯಾವತ್ತೂ ‘ರಿ’ ಹಚ್ಚಿದವಳಲ್ಲ.

ನೆನಪಿಟ್ಟು ಹೇಳಿದಳೋ, ಎಲ್ಲರಂತೆ ಸುಮ್ಮನೆ ಬಾಯಿಗೆ ಬಂದದ್ದೋ, ಕ್ಷಮಿಸಿದಳೋ, ಬಾಗಿಲು ತೋರಿಸಿದಳೋ, ನನಗೆ ಇವತ್ತಿಗೂ 
ತಿಳಿದಿಲ್ಲ. ಕೇಳುವ ಹಾಗೂ ಇರಲಿಲ್ಲ. ಕಾರಿನ ತನಕ ಬಂದು, ಚೀಲ ತುಂಬ ಹುಣಸೆಹಣ್ಣೂ ಕೊಟ್ಟು, ಕೈ ಬೀಸಿ ಕಳಿಸಿದಳು.

ನಾನು ಕಾರು ನಡೆಸಬೇಕಿತ್ತು. ಓಢಣಿಯ ಗಂಟನ್ನು ಅಪ್ಪ ತಮ್ಮ ತೊಡೆಯ ಮೇಲಿಟ್ಟುಕೊಂಡರು. ಊರು ದಾಟಿದೆವು. ಗದ್ದೆಗಳು ಒಣಗಿ ಬಿರುಕು ಬಿಟ್ಟಿದ್ದವು. ‘ಅಪ್ಪಾ, ನೀವು ಹೇಳಬೇಕಂದದ್ದು ಹೇಳಲೇ ಇಲ್ಲಲ್ಲ’ ಎಂದೆ.

ಅಪ್ಪ ಗಂಟಿನ ಮೇಲೆ ಕೈಯಾಡಿಸಿದರು.

‘ಉಡಿ ತುಂಬಿಬಿಟ್ಲಲ್ಲವಾ,’ ಎಂದರು. ‘ಇನ್ನ ಏನಂತ ಮಾತಾಡೂದು?’